ಮೂರನೇ ಮಹಡಿಯ ಬಾಗಿಲು

ಮನೆಯಿಂದಲೇ, ಕಿಟಕಿಯ ಪಕ್ಕದ ಮೇಜು
ಮಾರ್ಚ್ ಎರಡನೇ ವಾರ. ಶುರುಮಾಡಿದ್ದು ಮಂಗಳವಾರ, ಮುಗಿಯುವುದು ಕೈ ಬಿಟ್ಟುಕೊಟ್ಟಾಗ.

ಮುದ್ದಿನ ಮೆಣಸಿನಕಾಯಿಗೆ ತಾತನ ಎಡಗೈ ಮುತ್ತುಗಳು.

ಹೇಗಿದ್ದೀಯ ಮರಿ? ಕೆಮ್ಮು ಬಿಟ್ಟಿತೇ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಬಿರುಕುಬಿಟ್ಟ ಮಡಕೆಯ ಹಾಗೆ ಕೇಳಿಸಿತು. ನಸುಕಿನಲ್ಲೇ ಎದ್ದು ಕೊಟ್ಟಿಗೆ ಸುತ್ತುವವಳು ಕಿವಿಗೆ ಬಟ್ಟೆ ಕಟ್ಟಿಕೊಳ್ಳಬೇಡವೇ? ದನದ ಡಾಕ್ಟರಾಗಲು ಹೋದವಳು ತಾನೇ ಕೆಮ್ಮುತ್ತ ನಿಂತರೆ ಯಾವ ಎಮ್ಮೆ ತಾನೇ ನಂಬಿ ನಾಲಿಗೆ ಚಾಚೀತು? ಒದೆಯುವ ಹಸುವೊಂದರ ಬಗ್ಗೆ ಹೇಳಿದ್ದೆಯಲ್ಲ, ಅದು ರಾಜಿಗೆ ಬಂತೋ ಇಲ್ಲವೋ? ನನ್ನ ವಿಷಯ ಕೇಳಿದರೆ, ಹಸಿವೂ ಇದೆ, ನಿದ್ದೆಯೂ ಇದೆ, ಎರಡೂ ಬರಬೇಕಾದ ಹೊತ್ತಿಗೆ ಮಾತ್ರ ಬರುವುದಿಲ್ಲ. ಬಲಗಾಲು ಹಾಗೇ ಇದೆ. ಬಾಯಿ ಇನ್ನೂ ವಾರೆಯಾಗಿದೆ. ಒಳಗೆ ಹುಟ್ಟುವಾಗ ನೆಟ್ಟಗೇ ಇರುವ ಮಾತು ತುಟಿ ದಾಟುವಾಗ ಜಾರಿ ಬಿದ್ದು ಮುರಿದುಹೋಗುತ್ತದೆ. ಅದಕ್ಕೇ ನೀನು ಫೋನ್ ಮಾಡಿದಾಗ ನಾನು ಬರೀ 'ಹೂಂ, ಹೂಂ' ಅನ್ನುವುದು. ತಾತನಿಗೆ ಬೇಜಾರಾಗಿದೆ ಎಂದುಕೊಳ್ಳಬೇಡ.

ಈ ಅಕ್ಷರ ನೋಡಿ ನಗುತ್ತಿದ್ದೀಯ, ಗೊತ್ತು. ಕಾಗೆಕಾಲು ಗುಬ್ಬಿಕಾಲು. ನೌಕರಿಯ ಕಾಲವನ್ನೆಲ್ಲ ನ್ಯಾಯಾಲಯದ ಬೆರಳಚ್ಚು ಯಂತ್ರದ ಮುಂದೆ ಕಳೆದು, ಊರ ಮಂದಿಯ ಸುಳ್ಳು ನಿಜಗಳನ್ನೆಲ್ಲ ಹತ್ತೂ ಬೆರಳಲ್ಲಿ ಕುಟ್ಟಿದವನು ನಾನು. ಈಗ ಒಂದು 'ಅ' ಬರೆಯಲು ಹೊಟ್ಟೆ ಹಿಡಿದ ಕರುವಿನ ಹಾಗೆ ಸುತ್ತಿ ಸುತ್ತಿ ಬರುತ್ತೇನೆ. ಬಲಗೈ ಮಡಿಲಲ್ಲಿ ಮಲಗಿದ ಬೆಕ್ಕು, ಎಬ್ಬಿಸಿದರೆ ಏಳುವುದಿಲ್ಲ. ಎಡಗೈಯಲ್ಲಿ ಬರೆಯಲು ಕಲಿಸಿದವಳು ಅವಳೇ, ನನ್ನನ್ನು ನೋಡಿಕೊಳ್ಳುತ್ತಿದ್ದ ನಿನ್ನ ಕಂಡಕ್ಟರಮ್ಮ. ನೀನು ಹೊರಡುವಾಗ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, 'ತಾತಾ, ಬರೀಲೇಬೇಕು' ಎಂದು ದಿಂಬಿನ ಕೆಳಗೆ ಇಟ್ಟುಹೋದ ಲಕೋಟೆಗಳನ್ನು ತೋರಿಸಿ, 'ನೋಡಿ, ಮೊಮ್ಮಗಳು ಟಿಕೆಟ್ ತೆಗೆಸಿಟ್ಟು ಹೋಗಿದಾಳೆ, ನೀವು ಬಸ್ಸೇ ಹತ್ತಲ್ಲ ಅಂತೀರಲ್ಲ' ಎಂದು ರೇಗಿಸುತ್ತಿದ್ದಳು. ಮೊದಲು ಗೆರೆ, ಆಮೇಲೆ ಸೊನ್ನೆ, ಆಮೇಲೆ ನಿನ್ನ ಹೆಸರು. ಅವಳಿದ್ದಾಗ ನನ್ನ ಕೈ ಸೊನ್ನೆಯವರೆಗೆ ಮಾತ್ರ ಬಂದಿತ್ತು. ಉಳಿದದ್ದನ್ನು ಆಮೇಲೆ ನಾನೊಬ್ಬನೇ ಕಲಿತೆ, ಈ ಒಂದು ಪತ್ರ ಬರೆಯಲೇಬೇಕೆಂಬ ಹಟಕ್ಕೆ.

ಅವಳು ಹೋದ ಸುದ್ದಿಯನ್ನು ನಿನ್ನಪ್ಪ ಫೋನಿನಲ್ಲಿ ಹೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. 'ಬೋರ್ಡ್ ಹಾಕಿತ್ತು ಪುಟ್ಟಾ, ಪಾಪ ಅವಳು ನೋಡ್ಲಿಲ್ಲ' ಅಂದ. ನೀನು ಆ ಕಡೆ ಅಳುತ್ತಿದ್ದದ್ದು ನನಗೆ ಕೇಳಿಸಿತು. ಆಮೇಲೆ ಅವನು ಫೋನನ್ನು ನನ್ನ ಕಿವಿಗಿಟ್ಟ. ನಾನು ಏನೇನೋ ಹೇಳಿದೆ. ನೀನು 'ಆಯ್ತು ತಾತಾ, ಅಳ್ಬೇಡಿ' ಅಂದೆ. ನಾನು ಅಳುತ್ತಿರಲಿಲ್ಲ ಮರಿ. ನಡೆದದ್ದನ್ನು ಹೇಳುತ್ತಿದ್ದೆ.

ನಮ್ಮ ಲಿಫ್ಟ್ ನಿನಗೆ ಗೊತ್ತಿರುವುದೇ. ಮಹಡಿಗೊಂದು ಕಬ್ಬಿಣದ ಬಾಗಿಲು, ಕೈಯಲ್ಲಿ ಎಳೆದು ತೆಗೆಯುವಂಥದ್ದು. ಲಿಫ್ಟ್ ಬಂದು ನಿಲ್ಲದ ಹೊರತು ಬಾಗಿಲು ತೆರೆಯಬಾರದು, ಅದಕ್ಕೆಂದೇ ಒಳಗೊಂದು ಬೀಗವಿರುತ್ತದೆ. ನಮ್ಮ ಮಹಡಿಯ ಬೀಗ ಸವೆದುಹೋಗಿತ್ತು. ಸ್ವಲ್ಪ ಜೋರಾಗಿ ಎಳೆದರೆ ಸಾಕು, ಲಿಫ್ಟ್ ಎಲ್ಲಿದ್ದರೂ ಬಾಗಿಲು 'ಬನ್ನಿ' ಎನ್ನುತ್ತಿತ್ತು. ಬಾಗಿಲಿನ ಗಾಜಿನ ಕಿಂಡಿಯನ್ನು ಎದುರುಮನೆಯವರ ಬೀರು ಸಾಗಿಸುವಾಗ ಒಡೆದರು, ಅದರ ಜಾಗಕ್ಕೆ ಪ್ಲೈವುಡ್ ಹೊಡೆದರು. ಹಾಗಾಗಿ ಒಳಗೆ ಲಿಫ್ಟ್ ಇದೆಯೋ ಕತ್ತಲೆಯಿದೆಯೋ ನೋಡುವಂತಿಲ್ಲ. ಲಿಫ್ಟಿನ ಒಳಬಾಗಿಲು ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ಹೊರಗಿನ ಬಲ್ಬು ಹಾಕಿದ ವಾರಕ್ಕೇ ಸುಟ್ಟುಹೋಗುತ್ತಿತ್ತು. ಇದೆಲ್ಲ ಎಲ್ಲರಿಗೂ ಗೊತ್ತಿತ್ತು. ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಬಂದಾಗಲೆಲ್ಲ 'ಈ ಬೀಗ ಬದ್ಲಾಯಿಸ್ಲೇಬೇಕು ಸರ್' ಎನ್ನುತ್ತಿದ್ದ, ಒಂದಿಷ್ಟು ಎಣ್ಣೆ ಬಿಟ್ಟು ಹೋಗುತ್ತಿದ್ದ.

ನಿನ್ನಪ್ಪ ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದದ್ದು ಬೇರೆ ಯಾರೂ ಒಪ್ಪಲಿಲ್ಲ ಎಂಬ ಕಾರಣಕ್ಕೆ. ಅವನಿಗೆ 'ಆಗಲ್ಲ' ಎನ್ನಲು ಬಾರದು, ಚಿಕ್ಕಂದಿನಿಂದಲೂ ಹಾಗೆಯೇ. ಬೀಗದ ವಿಷಯವನ್ನು ಅವನು ಸಭೆಯಲ್ಲಿ ಎತ್ತಿದ್ದ, ಅದನ್ನು ನಾನು ಒಪ್ಪಬೇಕು. ನಮ್ಮ ಹಜಾರದಲ್ಲೇ ಸಭೆ ನಡೆದದ್ದು, ನಾನೂ ಮೂಲೆಯಲ್ಲಿದ್ದೆ. ಬಹಳ ಜನ ಸೇರಿದ ಕಡೆ ಹಾವು ಸಾಯುವುದಿಲ್ಲ. ಕೆಳಮನೆಯವರು 'ನಾವು ಲಿಫ್ಟೇ ಹತ್ತಲ್ಲ, ನಮಗ್ಯಾಕೆ ಆ ಖರ್ಚು' ಎಂದರು. ಮೇಲ್ಮನೆಯವರು 'ಮೊದ್ಲು ಮುಂದಿನ ಗೋಡೆಗೆ ಬಣ್ಣ ಆಗ್ಲಿ, ಬಂದೋರೆಲ್ಲ ನಗ್ತಾರೆ' ಎಂದರು. ಯಾರೋ 'ಇಷ್ಟು ವರ್ಷ ಏನೂ ಆಗಿಲ್ವಲ್ಲ' ಎಂದರು. ಎಲ್ಲರೂ ಚಹಾ ಕುಡಿದು ಎದ್ದರು. ಚಹಾ ಹಂಚಿದವಳು ಅವಳೇ. ಬೀಗದ ಮಾತು ಮುಂದಿನ ಸಭೆಗೆ ಹೋಯಿತು.

ಆ ಬೆಳಗ್ಗೆ ನನ್ನನ್ನು ವ್ಯಾಯಾಮದ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ಅವಳು ನನ್ನ ಕೂದಲಿಗೆ ನೀರು ಹಚ್ಚಿ ಬಾಚಿ, 'ಇವತ್ತು ನೀವು ಮದುಮಗ, ಯಾರಾದ್ರೂ ಹಾರಿಸ್ಕೊಂಡು ಹೋದಾರು, ಹುಷಾರು' ಎಂದು ಕಾಲಿಗೆ ಚಪ್ಪಲಿ ಹಾಕಿದಳು. ಗಾಲಿಕುರ್ಚಿಯನ್ನು ಲಿಫ್ಟಿಗೆ ಹತ್ತಿಸುವ ಅವಳ ರೀತಿ ನಿನಗೆ ನೆನಪಿದೆಯಲ್ಲ? ಬಾಗಿಲನ್ನು ಎಳೆದು, ಸೊಂಟದಲ್ಲಿ ಒತ್ತಿ ಹಿಡಿದು, ತಾನು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ ಕುರ್ಚಿಯನ್ನು ಎಳೆದುಕೊಳ್ಳುತ್ತಿದ್ದಳು, ಬಸ್ಸು ಹಿಂದಕ್ಕೆ ತೆಗೆಸುವ ಕಂಡಕ್ಟರಿನ ಹಾಗೆ 'ಬರ್ಲಿ, ಬರ್ಲಿ, ಬರ್ಲಿ' ಎಂದು ಕೂಗುತ್ತ. ಅದಕ್ಕೇ ಅಲ್ಲವೇ ನೀನು ಅವಳಿಗೆ ಆ ಹೆಸರಿಟ್ಟದ್ದು? ಮುಂದಿನ ಚಿಕ್ಕ ಗಾಲಿಗಳು ಸಂದಿಯಲ್ಲಿ ಸಿಕ್ಕಿಕೊಳ್ಳಬಾರದೆಂದು ಹಾಗೆ ಮಾಡಬೇಕು, ಅವಳಿಗೆ ಹಾಗೆಯೇ ಕಲಿಸಿದ್ದರು.

ಬಾಗಿಲು ತೆರೆಯಿತು. ಅವಳು ಕೂಗುತ್ತಲೇ ಹಿಂದಕ್ಕೆ ಸರಿದಳು. ಲಿಫ್ಟ್ ಮೇಲಿನ ಮಹಡಿಯಲ್ಲಿತ್ತು.

ಅವಳು ನನ್ನ ಬೆನ್ನ ಹಿಂದೆ ಇದ್ದಳು, ಹಾಗಾಗಿ ನಾನು ನೋಡಿದ್ದು ಏನೂ ಇಲ್ಲ, ಬರೀ ತಿಳಿದದ್ದು. ಕುರ್ಚಿ ಒಮ್ಮೆ ಹಿಂದಕ್ಕೆ ಜಗ್ಗಿತು. ಹಿಡಿಕೆಗಳನ್ನು ಅವಳು ಬಿಗಿಯಾಗಿಯೇ ಹಿಡಿದಿದ್ದಳು. ಜಾರುವವರು ಕೈಗೆ ಸಿಕ್ಕಿದ್ದನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ, ಅದು ಮೈಯ ಗುಣ. ಅವಳು ಬಿಟ್ಟಳು. ಬಿಟ್ಟದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಕುರ್ಚಿ ಅಲ್ಲೇ ಅಂಚಿನ ಮೇಲೆ ನಿಂತಿತು, ನನ್ನ ಮುಖ ಎದುರುಮನೆಯ ಬಾಗಿಲ ಕಡೆಗೆ. ಹಿಂದಿನಿಂದ ತಣ್ಣನೆಯ ಗಾಳಿ ಕುತ್ತಿಗೆಗೆ ಬೀಸುತ್ತಿತ್ತು. ಆಮೇಲೆ ಕೆಳಗಿನಿಂದ, ಬಹಳ ಕೆಳಗಿನಿಂದ, ಅವಳ ದನಿ ಬಂತು. 'ತಾತಾ, ಬ್ರೇಕ್ ಹಾಕ್ಕೊಳ್ಳಿ.' ದಿನಾ ಹೇಳುವ ಹಾಗೇ, ಸ್ವಲ್ಪ ದಣಿದಿದ್ದಳು ಅಷ್ಟೆ. ನಾನು ಎಡಗೈಯ ಬ್ರೇಕು ಹಾಕಿದೆ. ಬಲಗಡೆಯದ್ದಕ್ಕೆ ಕೈ ಎಟುಕಲಿಲ್ಲ. ಅವಳು ಮತ್ತೆ ಏನೂ ಹೇಳಲಿಲ್ಲ.

ನಾನು ಕೂಗಿದೆ. ನನ್ನ ಕೂಗು ಈಗ ಕೂಗಿನಂತೆ ಇರುವುದಿಲ್ಲ ಮರಿ, ಗಂಟಲಿನಲ್ಲಿ ಮುಳ್ಳು ಸಿಕ್ಕಿದ ಪ್ರಾಣಿ ಒರಲಿದ ಹಾಗಿರುತ್ತದೆ. ಆ ಸದ್ದು ಎಲ್ಲರಿಗೂ ಅಭ್ಯಾಸವಾಗಿತ್ತು, ವ್ಯಾಯಾಮಕ್ಕೆ ಹೋಗಲೊಲ್ಲದೆ ರಂಪ ಮಾಡುತ್ತಿದ್ದೇನೆ ಎಂದುಕೊಂಡರು. ಎದುರುಮನೆಯವರು ಒಳಗಿಂದಲೇ 'ಹೋಗ್ಬನ್ನಿ ಅಜ್ಜಾರೇ, ಒಳ್ಳೇದಾಗತ್ತೆ' ಎಂದರು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಮೇಲಿನವರು ಲಿಫ್ಟ್ ಹತ್ತಿದರೆ ಅದು ಕದಲಲಿಲ್ಲ, ಬೈಯುತ್ತ ಮೆಟ್ಟಿಲಿಳಿದು ಬಂದರು, ನನ್ನನ್ನು ಕಂಡರು, ನನ್ನ ಹಿಂದಿನ ಬಾಗಿಲನ್ನು ಕಂಡರು.

ಮಧ್ಯಾಹ್ನ ಅವಳನ್ನು ತೆಗೆದುಕೊಂಡು ಹೋದ ಮೇಲೆ, ಪೊಲೀಸರು ಬಾಗಿಲನ್ನು ನಾಳೆ ಬಂದು ನೋಡುತ್ತೇವೆಂದು ಇಳಿದ ಮೇಲೆ, ಊಟದ ಮೇಜಿನ ಮುಂದೆ ನಿನ್ನಮ್ಮ ರಟ್ಟೊಂದನ್ನು ಹಾಸಿಕೊಂಡು ಕೂತಳು. ನಿನ್ನಪ್ಪ ಹೇಳಿದ, ಅವಳು ಬರೆದಳು. 'ಎಚ್ಚರಿಕೆ. ಲಿಫ್ಟ್ ಬಂದಿದೆಯೇ ಎಂದು ನೋಡಿ ನಂತರ ಕಾಲಿಡಿ.' ನಿನ್ನಮ್ಮನ ಅಕ್ಷರ ಎಷ್ಟು ಮುದ್ದಾಗಿದೆ, ನಿನ್ನ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟ ಅದೇ ಅಕ್ಷರ. 'ತೀರಾ ಹೊಸದಾಗಿ ಕಾಣುತ್ತೆ ಕಣೇ' ಎಂದು ನಿನ್ನಪ್ಪ ಅದನ್ನು ಕಾಲೊರೆಸಿನ ಮೇಲೆ ಉಜ್ಜಿದ, ಮೂಲೆಗಳನ್ನು ಮಡಚಿ ಬಿಡಿಸಿದ. ನಿನ್ನಮ್ಮ ಕೈತೊಳೆಯಲು ಎದ್ದುಹೋದವಳು ಬಹಳ ಹೊತ್ತು ಬರಲೇ ಇಲ್ಲ. ನಾನು ಎದುರಿಗೇ ಕೂತಿದ್ದೆ. ಇಬ್ಬರೂ ನನ್ನನ್ನು ಮರೆತಿದ್ದರು. ಗಾಲಿಕುರ್ಚಿಯಲ್ಲಿ ಕೂತವನು ನಿಧಾನಕ್ಕೆ ಮನೆಯ ಸಾಮಾನಾಗಿಬಿಡುತ್ತಾನೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಬಾಗಿಲನ್ನೂ ಹಾಕಲಿಲ್ಲ, ಬಾಗಿಲಿಗೆ ರಟ್ಟು ನೇತುಹಾಕಿದರು.

ಇದಾದ ಮೇಲೆ ಎಲ್ಲರಿಗೂ ಬೋರ್ಡ್ ನೆನಪಾಯಿತು. ಕೆಳಮನೆಯವರು ಅದನ್ನು ದಿನಾ ನೋಡುತ್ತಿದ್ದರಂತೆ, ಲಿಫ್ಟೇ ಹತ್ತದವರು. ಲಿಫ್ಟ್ ಕಂಪನಿಯವರು ಬಂದು ಬೀಗ ಸರಿಯಾಗಿಯೇ ಇತ್ತು, ಆಯಮ್ಮ ಬಲವಂತದಿಂದ ಎಳೆದಿರಬೇಕು ಎಂದು ಹೇಳಿಹೋದರು. ಅವಳನ್ನು ನಮ್ಮಲ್ಲಿಗೆ ಕಳಿಸಿದ್ದ ಸಂಸ್ಥೆಯವರು ಕೆಲಸದ ಜಾಗ ನೋಡಿಕೊಳ್ಳುವುದು ನಮ್ಮ ಹೊಣೆಯಲ್ಲ ಎಂದರು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ತೋರಿಸಿ, ಕೊನೆಗೆ ಎಲ್ಲ ಬೆರಳೂ ಮಾತಾಡಲಾರದವಳ ಕಡೆಗೇ ತಿರುಗಿದವು. ಸತ್ತವರ ಬಾಯಿಗೆ ಬೀಗ ಹಾಕುವ ಕಷ್ಟವೇ ಇಲ್ಲ, ಆ ಬೀಗ ಮಾತ್ರ ಎಂದೂ ಸವೆಯುವುದಿಲ್ಲ.

ಉಳಿದವನು ನಾನೊಬ್ಬ. ವಿಚಾರಣೆಯ ಅಧಿಕಾರಿ ಮನೆಗೇ ಬಂದರು, ಜೊತೆಗೆ ಬರೆದುಕೊಳ್ಳುವ ಹುಡುಗನೂ ಬಂದ, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು. ಅಧಿಕಾರಿ ಒಳ್ಳೆಯವರೇ, ನನ್ನ ಮಟ್ಟಕ್ಕೆ ಬಗ್ಗಿ ಕೂತು ಕೇಳಿದರು. ಆದರೆ ನನ್ನ ಮಾತು ಅವರಿಗೆ ತಿಳಿಯಲಿಲ್ಲ. ಅವಳಿಗಾದರೆ ತಿಳಿಯುತ್ತಿತ್ತು, ನಾನು ಅರ್ಧ ಉಸಿರು ಬಿಟ್ಟರೂ 'ನೀರಲ್ಲ, ಕಿಟಕಿ ಬಾಗ್ಲು ತಾನೇ' ಎನ್ನುತ್ತಿದ್ದಳು. ಈಗ ನನ್ನ ಮಾತನ್ನು ಬಿಡಿಸಿ ಹೇಳಲು ನಿನ್ನಪ್ಪನೇ ಪಕ್ಕದಲ್ಲಿ ಕೂತ.

'ಬಾಗಿಲಿಗೆ ಬೋರ್ಡ್ ಇತ್ತಾ ಯಜಮಾನ್ರೇ?' ಎಂದರು ಅಧಿಕಾರಿ.

ನಾನು 'ಇರಲಿಲ್ಲ' ಎಂದೆ. ನನ್ನ ವಾರೆ ಬಾಯಿಯಲ್ಲಿ ಅದರ ಮೊದಲರ್ಧ ಗಾಳಿಯಾಯಿತು, 'ಲ್ಲ' ಮಾತ್ರ ಉಳಿಯಿತು. ಅಧಿಕಾರಿ ನಿನ್ನಪ್ಪನ ಮುಖ ನೋಡಿದರು.

'ನೆನಪಿಲ್ಲ ಅಂತಿದಾರೆ ಸರ್' ಎಂದ ನಿನ್ನಪ್ಪ.

ನಾನು ತಲೆ ಅಲ್ಲಾಡಿಸಿದೆ, ಕುರ್ಚಿಯ ಕೈಗೆ ಗುದ್ದಿದೆ. ಮತ್ತೆ ಹೇಳಿದೆ, ಮತ್ತೆ ಹೇಳಿದೆ. ಅವನು ನನ್ನ ಹೆಗಲ ಮೇಲೆ ಕೈ ಇಟ್ಟ. ಒರಟಾಗಿ ಅಲ್ಲ ಮರಿ, ಅದನ್ನೇ ನಾನು ಮರೆಯಲಾರೆ. ನೀನು ಹುಟ್ಟಿದಾಗ ನಿನ್ನ ತಲೆಯನ್ನು ಹೇಗೆ ಹಿಡಿದಿದ್ದನೋ ಅಷ್ಟು ಮೆತ್ತಗೆ. 'ಅಪ್ಪಾ, ಅಪ್ಪಾ, ಸಾಕು. ಸರ್, ಅವ್ರಿಗೆ ತುಂಬಾ ಆಘಾತ ಆಗಿದೆ.' ನಾನು ಪೆನ್ನು ಬೇಕೆಂದು ಸನ್ನೆ ಮಾಡಿದೆ. ಅಧಿಕಾರಿ ತಮ್ಮದನ್ನೇ ಕೊಟ್ಟರು. ಆಗ ನನ್ನ ಕೈ ಸೊನ್ನೆಗಳ ಹಂತದಲ್ಲಿತ್ತು, ಬೆವರಿಳಿಸಿ ಬರೆದದ್ದು ಹುಳು ಹರಿದಾಡಿದ ಹಾಗಾಯಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮಕ್ಕಳ ಚಿತ್ರವನ್ನು ಹೊಗಳುವ ದನಿಯಲ್ಲಿ 'ಪರ್ವಾಗಿಲ್ಲ, ಆಯಾಸ ಮಾಡ್ಕೋಬೇಡಿ' ಎಂದರು. ಅಷ್ಟು ಹೊತ್ತಿಗಾಗಲೇ ಆ ಹುಡುಗ ಟೈಪು ಮಾಡುವುದನ್ನು ನಿಲ್ಲಿಸಿದ್ದ. ಆ ಮೌನ ನನಗೆ ಗೊತ್ತು. ಸಾಕ್ಷಿ ಕಟಕಟೆಯಲ್ಲಿ ಇನ್ನೂ ಬಾಯಿ ಆಡಿಸುತ್ತಿರುವಾಗಲೇ, ಇವನದು ದಾಖಲೆಗೆ ಬೇಡ ಎಂದು ನ್ಯಾಯಾಧೀಶರು ಕಣ್ಣಲ್ಲಿ ಹೇಳಿದಾಗ, ನಾನೂ ಹಾಗೆಯೇ ಬೆರಳೆತ್ತಿ ಸುಮ್ಮನೆ ಕೂತಿದ್ದೇನೆ.

ತೀರ್ಮಾನ ಏನೆಂದು ಬೇರೆ ಹೇಳಬೇಕೇ? ಸತ್ತವಳ ಅಜಾಗರೂಕತೆ. ಬಿದ್ದ ಕೂಡಲೇ ಪ್ರಾಣ ಹೋಗಿದೆ. ಸಂಘದ ತಪ್ಪಿಲ್ಲ, ಕಂಪನಿಯ ತಪ್ಪಿಲ್ಲ. ಆ ಸಂಜೆ ಕಟ್ಟಡದವರೆಲ್ಲ ಒಬ್ಬೊಬ್ಬರಾಗಿ ಬಂದು ನಿನ್ನಪ್ಪನ ಕೈ ಕುಲುಕಿ ಹೋದರು. ಅವನು ಎಲ್ಲರಿಗೂ 'ಹಾಂ, ಹಾಂ' ಎನ್ನುತ್ತಿದ್ದ, ಯಾರ ಮುಖವನ್ನೂ ನೋಡಲಿಲ್ಲ.

ಅವಳ ತಾಯಿ ಬಂದದ್ದು ಅದಾದ ಮೇಲೆ, ಮಗಳ ಸಾಮಾನು ಒಯ್ಯಲು. ಚಿಕ್ಕ ಹೆಂಗಸು, ಮಗಳ ಹಾಗೇ ಅಗಲ ಹಣೆ. ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ನಿನ್ನಮ್ಮ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಇಟ್ಟಿದ್ದಳು. ಎರಡು ಜೊತೆ ಬಟ್ಟೆ, ಛತ್ರಿ, ಹಲ್ಲು ಮುರಿದ ಬಾಚಣಿಗೆ, ನೀನು ಕೊಟ್ಟ ನೀಲಿ ಶಾಲು. ಚೀಲ ಕೊಟ್ಟವಳು ಅಡುಗೆಮನೆಗೆ ಹೋಗಿಬಿಟ್ಟಳು. ಆಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಎದುರಿನ ಮಣೆಯ ಮೇಲೆ ಕೂತಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೆ ಎಷ್ಟೋ ವಾಸಿಯಿತ್ತು.

'ಬೋರ್ಡ್ ಇತ್ತಂತಲ್ಲ ಅಜ್ಜಾ' ಎಂದಳು. 'ಅವ್ಳಿಗೆ ಓದೋಕೆ ಬರ್ತಿತ್ತು. ನನಗೇ ಬರಲ್ಲ, ಅದಕ್ಕೇ ಅವ್ಳನ್ನ ಹೊಡೆದು ಬಡಿದು ಸ್ಕೂಲಿಗೆ ಕಳಿಸಿದ್ದೆ. ದಾರೀಲಿ ಸಿಕ್ಕಿದ್ದೆಲ್ಲ ಓದ್ಕೊಂಡು ಹೋಗೋಳು. ಇದೊಂದನ್ನ ಯಾಕೆ ಓದ್ಲಿಲ್ಲ?'

'ಇರಲಿಲ್ಲ' ಎಂದೆ ನಾನು. ಇದ್ದ ಬಲವೆಲ್ಲ ಸೇರಿಸಿ, ಬಾಯಿಯನ್ನು ಎಡಗೈಯಲ್ಲಿ ಒತ್ತಿ ನೆಟ್ಟಗೆ ಮಾಡಿಕೊಂಡು ಹೇಳಿದೆ. ಆಕೆ ಅರ್ಥವಾಗದೆ ನಿನ್ನಪ್ಪನ ಕಡೆ ತಿರುಗಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ದೇವರಾಣೆ, ಆ ಒಂದು ಗಳಿಗೆ ಅವನೂ ಹೇಳಲೆಂದೇ ಬಾಯಿ ತೆರೆದಿದ್ದ.

'ಬೆಳಕು ಮಬ್ಬಿತ್ತಮ್ಮ, ಕಾಣಿಸಿರಲಿಕ್ಕಿಲ್ಲ ಅಂತಿದಾರೆ' ಎಂದ.

ಆಕೆ ತಲೆದೂಗಿದಳು. ಆಮೇಲೆ ಇನ್ನೊಂದು ಕೇಳಿದಳು. 'ಏನಾದ್ರೂ ಹೇಳಿದ್ಲಾ ಅಜ್ಜಾ? ಕೊನೇಲಿ?'

ನಾನು ಬ್ರೇಕಿನ ಮಾತು ಹೇಳಿದೆ. ಬ್ರೇಕಿನ ಹಿಡಿಕೆಯನ್ನು ತಟ್ಟಿ ತೋರಿಸಿದೆ, ಕೆಳಗೆ ಬೆರಳು ಮಾಡಿದೆ, ಕಿವಿ ಮುಟ್ಟಿಕೊಂಡೆ. ಆಕೆಗೆ ಏನೂ ತಿಳಿಯಲಿಲ್ಲ. ನಿನ್ನಪ್ಪನಿಗೆ ತಿಳಿಯಿತು. ಅದುವರೆಗೆ ಅವನಿಗೂ ಅದು ಗೊತ್ತಿರಲಿಲ್ಲ. ಬಿದ್ದ ಮೇಲೆ ಅವಳು ಬದುಕಿದ್ದಳು, ಆ ಗುಂಡಿಯೊಳಗಿಂದ ಮಾತಾಡಿದ್ದಳು, ನಾವೆಲ್ಲ ಇಲ್ಲೇ ಇದ್ದೆವು. ಅವನ ಮುಖ ಸುಣ್ಣದ ಗೋಡೆಯಾಯಿತು. ಆದರೂ ಆಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, 'ಏನೂ ಹೇಳ್ಲಿಲ್ಲವಂತಮ್ಮ. ಅವಳಿಗೆ ನೋವೇ ಗೊತ್ತಾಗಿಲ್ಲ' ಎಂದ. ಆಕೆ ಅಷ್ಟಕ್ಕೇ ಹಗುರಾದವಳ ಹಾಗೆ ಅತ್ತಳು, ನನ್ನ ಸತ್ತ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು, ಚೀಲ ಹಿಡಿದು ಇಳಿದುಹೋದಳು. ಆ ಎರಡನೆಯ ಸುಳ್ಳನ್ನು ನಾನು ಕ್ಷಮಿಸಿದ್ದೇನೆ ಮರಿ. ಮೊದಲನೆಯದನ್ನು ಕ್ಷಮಿಸಲು ದಿನಾ ಪ್ರಯತ್ನಿಸುತ್ತೇನೆ. ಆಗುತ್ತಿಲ್ಲ.

ನೀನು ಅವನೊಂದಿಗೆ ಜಗಳಕ್ಕೆ ನಿಲ್ಲಬೇಡ. ನಿನ್ನ ಮೂಗಿನ ತುದಿಯಲ್ಲಿರುವ ಸಿಟ್ಟು ನನಗೆ ಗೊತ್ತಿರುವುದಕ್ಕೇ ಹೇಳುತ್ತಿದ್ದೇನೆ. ಅವನು ಈಗ ಸ್ನಾನಕ್ಕೆ ಹೋದರೆ ನಲ್ಲಿಯನ್ನು ಪೂರ್ತಿ ತಿರುಗಿಸಿ ಅಳುತ್ತಾನೆ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳದು ಎಂದುಕೊಂಡಿದ್ದಾನೆ. ನಿಜ ಹೊರಬಿದ್ದಿದ್ದರೆ ಹೊಣೆ ಹೊತ್ತವನೆಂದು ಅವನೊಬ್ಬನೇ ಸಿಕ್ಕಿಬೀಳುತ್ತಿದ್ದ. 'ಬೇಡ' ಎಂದು ಕೈಯಾಡಿಸಿದ ಉಳಿದವರು ಯಾರೂ ಅಲ್ಲ. ಸಂಘದ ವಕೀಲರು ಹಾಗೆಂದೇ ಹೆದರಿಸಿದರು. ಕೆಲಸ ಹೋಗುತ್ತದೆ, ಜೈಲಾಗುತ್ತದೆ, ಮಗಳ ಓದು ನಿಲ್ಲುತ್ತದೆ ಎಂದರು. ಹೌದು, ನಿನ್ನ ಹೆಸರೂ ಆ ಮಾತಿನಲ್ಲಿ ಬಂತು. ಎದೆಯೊಡ್ಡಿ ನಿಲ್ಲುವ ಮಗನನ್ನು ನಾನು ಬೆಳೆಸಿದ್ದೆನೆಂದುಕೊಂಡಿದ್ದೆ. ಬೆಳೆಸಿದ್ದು 'ಆಗಲ್ಲ' ಎನ್ನಲು ಬಾರದ ಮಗನನ್ನು. ನಿನ್ನಮ್ಮ ನನಗೆ ಊಟ ತಿನ್ನಿಸುವಾಗ ತುತ್ತನ್ನು ಮಾತ್ರ ನೋಡುತ್ತಾಳೆ. ಇಡೀ ಮನೆಯಲ್ಲಿ ಮೂವರೂ ಮೂಕರು, ನನಗೊಬ್ಬನಿಗೆ ಡಾಕ್ಟರ ಚೀಟಿ ಇದೆ, ಅಷ್ಟೇ ವ್ಯತ್ಯಾಸ.

ಕೋರ್ಟಿಗೆ ಹೋಗೋಣ ಎನ್ನುತ್ತೀಯೇನೋ. ಗೆದ್ದವನು ಸೋತ, ಸೋತವನು ಸತ್ತ ಎನ್ನುವುದನ್ನು ನಾನು ದಿನಾ ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ನೋಡಿದ ಬೋರ್ಡನ್ನು ಇರಲಿಲ್ಲ ಎನ್ನುವ ಒಬ್ಬ ಮುದುಕ, ಅವನ ಮಾತು ಬಿಡಿಸಿ ಹೇಳಲು ಇದ್ದೊಬ್ಬಳೂ ಇಲ್ಲ. ಯಾವ ವಕೀಲ ಹಿಡಿದಾನು ಈ ಕೇಸನ್ನು? ಮುಂದಿನ ಗೋಡೆಗೆ ಬಣ್ಣವಾಗಿದೆ, ತಿಳಿ ಹಳದಿ. ಬೀಗ ಮಾತ್ರ ಅದೇ. ಅದನ್ನು ಮುಟ್ಟುವ ಹಾಗೇ ಇಲ್ಲ. 'ಈಗ ರಿಪೇರಿ ಮಾಡ್ಸಿದ್ರೆ ಮೊದ್ಲೇ ಕೆಟ್ಟಿತ್ತು ಅಂತ ನಾವೇ ಒಪ್ಕೊಂಡ ಹಾಗೆ, ಅವ್ರ ಕಡೆಯೋರು ಮೇಲ್ಮನವಿ ಹಾಕೋ ಅವಧಿ ಕಳೀಲಿ' ಎಂದಿದ್ದಾರೆ ವಕೀಲರು. ಕೆಲವು ದಿನ ಎಲ್ಲರೂ ಮೆಟ್ಟಿಲಿಳಿದರು. ಮಂಡಿ ನೋಯತೊಡಗಿದ ಮೇಲೆ ಮತ್ತೆ ಲಿಫ್ಟಿಗೇ ಮರಳಿದರು. ನಾನು ಮಾತ್ರ ಬಾಗಿಲು ದಾಟಿಲ್ಲ.

ನಿನಗೆ ಇದನ್ನೆಲ್ಲ ಯಾಕೆ ಬರೆದೆ? ಒಬ್ಬರಿಗಾದರೂ ಅವಳು ಕಣ್ಣುಮುಚ್ಚಿ ನಡೆದವಳಲ್ಲ ಎಂದು ಗೊತ್ತಿರಲಿ. ಅವಳನ್ನು ನೆನೆದಾಗ 'ಪಾಪ, ನೋಡ್ಲಿಲ್ಲ' ಎನ್ನಬೇಡ. ನೋಡಲು ಏನೂ ಇರಲಿಲ್ಲ.

ಚೆನ್ನಾಗಿ ಊಟ ಮಾಡು, ಒದ್ದೆ ಕೂದಲಲ್ಲಿ ಮಲಗಬೇಡ. ನಿನ್ನ ಕೈ ತಾಗಿದ ಮೂಕಪ್ರಾಣಿಗಳೆಲ್ಲ ಎದ್ದು ನಿಲ್ಲಲಿ, ಅವು ಹೇಳಲಾರದ್ದು ನಿನಗೆ ಕೇಳಿಸಲಿ. ಇದಕ್ಕಿಂತ ದೊಡ್ಡ ಹರಕೆ ನನ್ನ ಬಳಿ ಉಳಿದಿಲ್ಲ.

ನಿನ್ನ,
ತಾತ

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರ ಫೋನ್ ಬಂತು. ಕಾಲು ಪೂರ್ತಿ ಹೋಗುತ್ತದೆ ಎಂದು ಗದರಿದರಂತೆ. ಸೋಮವಾರದಿಂದ ನನ್ನನ್ನು ಮತ್ತೆ ವ್ಯಾಯಾಮಕ್ಕೆ ಒಯ್ಯುತ್ತಾರೆ, ಲಿಫ್ಟಿನಲ್ಲೇ. ನನ್ನನ್ನು ನೋಡಿಕೊಳ್ಳಲು ಹೊಸ ಹುಡುಗಿ ಬಂದು ನಾಲ್ಕು ದಿನವಾಯಿತು, ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಮ್ಮ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಾನು ಏನು ಹೇಳಿದರೂ ನೀರು ತಂದುಕೊಡುತ್ತಾಳೆ. ಬೆಳಗ್ಗೆ ಹಜಾರದಲ್ಲಿ ಕುರ್ಚಿ ಎಳೆದು ನೋಡಿದಳು, ಅವಳಿಗೂ ಹಾಗೆಯೇ ಕಲಿಸಿದ್ದಾರೆ. ಪತ್ರ ಸಿಕ್ಕಿದ ತಕ್ಷಣ ಫೋನ್ ಮಾಡು. ಅಪ್ಪನಿಗೆ ಹೇಳಬೇಡ, ಅವಳನ್ನೇ ಕರೆ. ತಿರುಗಿ ನೋಡದೆ ಕಾಲಿಡಬೇಡ ಅನ್ನು. ನಾನು ಚಕ್ರ ಹಿಡಿದುಕೊಳ್ಳುತ್ತೇನೆ, ಆದರೆ ಒಂದೇ ಕೈ. ಮನೆಗೆ ಹೋಗುವ ದಾರಿಯಲ್ಲಿ ಇದನ್ನು ಡಬ್ಬಿಗೆ ಹಾಕುತ್ತಾಳಂತೆ, ಬಾಗಿಲಲ್ಲಿ ನಿಂತು ಕಾಯುತ್ತಿದ್ದಾಳೆ. ಇವತ್ತು ಶನಿವಾರ.